ಹಾಳೆಗೆ ಹೊಂದಿಸಿದ ನಕ್ಷೆ

ಮಾನ್ಯ ಅಧ್ಯಕ್ಷರೇ, ನನ್ನಂಥವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ತಾವು ತುದಿಯಲ್ಲಿ ಕುಳಿತಿರುವ ಹಿರಿಯ ಎಂಜಿನಿಯರ್ ಸಾಹೇಬರೇ, ನಕ್ಷೆ ವಿಭಾಗದ ಗೆಳೆಯ ಗೆಳತಿಯರೇ, ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕನೇ, ಸಭಿಕರೇ,

ಹೊಗಳಿಸಿಕೊಂಡು ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನನಗಿಂತ ಮೊದಲು ಮಾತನಾಡಿದ ನಾಲ್ವರೂ ಒಂದೇ ಮಾತು ಹೇಳಿದರು. ಈ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದೀರಿ: ‘ಒಂದೂ ತಪ್ಪಿಲ್ಲದ ಮೂವತ್ತೊಂದು ವರ್ಷ’. ಅಕ್ಷರ ಬಹಳ ಚೆನ್ನಾಗಿ ಬಂದಿದೆ. ಪ್ರಿಂಟು ಹಾಕುವವನ ಕಣ್ಣು ಮೊದಲು ಅದನ್ನೇ ನೋಡುತ್ತದೆ.

ಪ್ರಿಂಟಿನವನ ಕೆಲಸವೆಂದರೆ ಗುಂಡಿ ಒತ್ತುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾದರೆ ಈ ಗುಂಡಿಗೆ ಮೂವತ್ತೊಂದು ವರ್ಷ ಬೇಕಿತ್ತೇ? ಕಂಪ್ಯೂಟರಿನಲ್ಲಿ ನೀವು ಬರೆಯುವ ಕಟ್ಟಡ ತನ್ನ ನಿಜವಾದ ಅಳತೆಯಲ್ಲೇ ಇರುತ್ತದೆ. ನಾಲ್ಕು ಮೀಟರ್ ಗೋಡೆ ಅಲ್ಲಿ ನಾಲ್ಕು ಮೀಟರೇ. ಅದನ್ನು ಐವತ್ತು ಪಾಲು ಕಿರಿದಾಗಿಸಿ ಕಾಗದಕ್ಕೆ ಇಳಿಸುವುದು, ನಕ್ಷೆ ಮುದ್ರಿಸುವ ಆ ದೊಡ್ಡ ಯಂತ್ರದ, ಪ್ಲಾಟರ್‌ನ ಮುಂದೆ ನಿಂತವನ ಜವಾಬ್ದಾರಿ. ಆ ಪ್ಲಾಟರಿಗೆ ಸುಸ್ತಾದಾಗಲೆಲ್ಲ ಇಂಕು ಕೊಟ್ಟಿದ್ದೀರಿ, ನನಗೆ ಟೀ ಕೊಡುವುದನ್ನು ಮಾತ್ರ ಆಗಾಗ ಮರೆತಿದ್ದೀರಿ. ಇರಲಿ, ಇವತ್ತು ಅದನ್ನೆಲ್ಲ ಎತ್ತಬಾರದು.

ನನ್ನನ್ನು ಈ ಕಚೇರಿಗೆ ಕರೆತಂದವರು ನನ್ನ ಭಾವ, ಅಕ್ಕನ ಗಂಡ. ನಮ್ಮ ಕಟ್ಟಡಗಳ ಮೇಸ್ತ್ರಿಗಳ ಮೇಲೆ ಅವರೇ ಮೇಲ್ವಿಚಾರಕರಾಗಿದ್ದರು. ಹಿರಿಯರಿಗೆ ನೆನಪಿರಬಹುದು. ಅಂಗಿಯ ಜೇಬಿನಲ್ಲಿ ಸದಾ ಮೂರು ಮೂಲೆಯ ಸ್ಕೇಲ್ ಇರುತ್ತಿತ್ತು. ಬಟ್ಟೆ ಒಗೆಯುವ ಮುಂಚೆ ಅದನ್ನು ಹೊರಗೆ ತೆಗೆದಿಡುವುದೇ ಅಕ್ಕನಿಗೆ ಒಂದು ಕೆಲಸ. ಭಾವ ನನಗೆ ಹೇಳಿಕೊಟ್ಟದ್ದು ಇಷ್ಟೇ: “ನಕ್ಷೇಲಿ ಅಂಕಿ ಇದ್ರೆ ಅಂಕಿ ಓದು. ಇಲ್ದಿದ್ರೆ ಸ್ಕೇಲ್ ಇಟ್ಟು ಅಳೆ. ಯಾರದೋ ಬಾಯಿಮಾತು ನಂಬಿ ಕಂಬಿ ಕಟ್ಟಿಸ್ಬೇಡ.” ಜೀವನದಲ್ಲಿ ಒಂದೇ ಒಂದು ಸಲ ಅವರು ಬಾಯಿಮಾತು ನಂಬಿದರು. ಆ ಬಾಯಿ ನನ್ನದಾಗಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಇದನ್ನು ಹೇಳಬೇಕೆಂದು ನಾನು ಎದ್ದು ನಿಂತದ್ದಲ್ಲ. ಜೇಬಿನಲ್ಲಿ ಬರೆದುಕೊಂಡು ಬಂದದ್ದು ಬೇರೆಯೇ ಇದೆ.

ಹನ್ನೊಂದು ವರ್ಷದ ಹಿಂದೆ ಒಂದು ಬಾಲ್ಕನಿಯ ನಕ್ಷೆ ತುರ್ತಾಗಿ ಹೋಗಬೇಕಿತ್ತು. ದೊಡ್ಡ ಕಾಗದದ ಸುರುಳಿ ಮುಗಿದಿತ್ತು. ನಾನು ಚಿಕ್ಕ ಸುರುಳಿ ಹಾಕಿ, ‘ಹಾಳೆಗೆ ಹೊಂದಿಸು’ ಎಂಬ ಚೌಕಕ್ಕೆ ಗುರುತು ಹಾಕಿದೆ. ಇಡೀ ನಕ್ಷೆ ಕುಗ್ಗಿ, ಮುದ್ದಾಗಿ ಚಿಕ್ಕ ಹಾಳೆಯೊಳಗೆ ಕುಳಿತಿತು. ಮೂಲೆಯಲ್ಲಿ ಮಾತ್ರ ‘ಒಂದಕ್ಕೆ ಐವತ್ತು’ ಎಂಬ ಬರಹ ಹಾಗೆಯೇ ಉಳಿಯಿತು. ಇಂಥ ಹಾಳೆಯ ಮೇಲೆ ‘ಅಳೆಯಬೇಡಿ’ ಎಂಬ ಕೆಂಪು ಮುದ್ರೆ ಒತ್ತಬೇಕು, ಅದು ಈ ಕಚೇರಿಯ ಪದ್ಧತಿ. ಮುದ್ರೆಯ ಶಾಯಿ ಒಣಗಿತ್ತು. ನಾಳೆ ದೊಡ್ಡ ಹಾಳೆಯಲ್ಲಿ ಸರಿಯಾದದ್ದನ್ನೇ ಕಳಿಸಿದರಾಯಿತು ಎಂದುಕೊಂಡೆ. ಮರುದಿನ ಸರಿಯಾದದ್ದನ್ನು ತೆಗೆದೆ, ಕಡತದಲ್ಲಿ ಇಟ್ಟೆ, ಕಳಿಸುವುದನ್ನು ಮರೆತೆ.

ಬಾಲ್ಕನಿಯನ್ನು ಹಿಡಿದು ನಿಲ್ಲಿಸುವ ಮೇಲಿನ ಕಂಬಿ ಕೋಣೆಯ ಚಾವಣಿಯೊಳಗೆ ಎಷ್ಟು ದೂರ ಹೋಗಬೇಕು? ನಕ್ಷೆಯಲ್ಲಿ ಅದೊಂದಕ್ಕೇ ಅಂಕಿ ಬರೆದಿರಲಿಲ್ಲ. ಭಾವ ಸ್ಕೇಲ್ ಇಟ್ಟರು. ಮೂವತ್ತು ಮಿಲಿಮೀಟರ್ ಇರಬೇಕಾದದ್ದು ಇಪ್ಪತ್ತೊಂದು ಬಂತು. ಅನುಭವಸ್ಥರು, ಅನುಮಾನ ಬಂತು. ನನಗೇ ಫೋನ್ ಮಾಡಿದರು. “ಕಂಬಿ ಯಾಕೋ ಗಿಡ್ಡ ಅನ್ನಿಸ್ತಿದೆಯಪ್ಪಾ. ಪ್ರಿಂಟು ಸರಿಯಾಗಿದೆ ತಾನೇ?” ನಾನು ನಕ್ಕೆ. “ಭಾವ, ಹಾಕಿದ್ದು ನಾನು. ಕಣ್ಣು ಮುಚ್ಕೊಂಡು ಅಳೀರಿ,” ಎಂದೆ. ನೋಡಿ, ಹಾಳೆಯ ನೆನಪು ಆ ಕ್ಷಣಕ್ಕೂ ಬರಲಿಲ್ಲ. ಅಷ್ಟು ಜಂಬ.

ಕೆಳಗಿನ ಆಸರೆ ತೆಗೆದ ದಿನ ಬಾಲ್ಕನಿ ಕಳಚಿ ಬಿತ್ತು. ಆಸರೆ ತೆಗೆಯುತ್ತಿದ್ದ ಬಡಗಿಯ ಸೊಂಟ ಮುರಿಯಿತು. ಆ ಮನುಷ್ಯ ಮತ್ತೆ ಎದ್ದು ನಡೆಯಲಿಲ್ಲ. ನನಗೆ ಕಾರಣ ಗೊತ್ತಾಗಲಿಲ್ಲ ಎಂದು ಈಗಲೂ ಹೇಳಬಹುದು, ಯಾರು ಕೇಳುತ್ತಾರೆ? ಆದರೆ ಸುದ್ದಿ ಬಂದ ಐದೇ ನಿಮಿಷಕ್ಕೆ ಗೊತ್ತಾಯಿತು. ಅದೇ ಸಂಜೆ ಭಾವನ ಬಳಿಗೆ ಹೋಗಿ, “ಕಡತಕ್ಕೆ ಬೇಕು,” ಎಂದು ಆ ಹಾಳೆಯನ್ನು ಇಸಿದುಕೊಂಡು ಬಂದೆ.

ವಿಚಾರಣೆಯ ಮೇಜಿನ ಮೇಲೆ ಕಡತದ ನಕ್ಷೆ ಹರಡಿದರು. ಭಾವ ತಮ್ಮದೇ ಸ್ಕೇಲ್ ಇಟ್ಟರು. ಮೂವತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು. ಮೂವತ್ತೇ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಆವತ್ತಿನ ಹಾಳೆ ಇದಕ್ಕಿಂತ ಚಿಕ್ಕದಿತ್ತಲ್ವೇನಪ್ಪಾ?”

“ಇಲ್ಲ ಭಾವ, ಇದೇ ಅಳತೆ,” ಎಂದೆ.

ಅವರು ನಂಬಿದರು. ನನ್ನನ್ನು ನಂಬಿ, ತಮ್ಮ ಕಣ್ಣನ್ನು ನಂಬುವುದು ಬಿಟ್ಟರು. ಅವರ ಕೆಲಸ ಹೋಯಿತು, ನನ್ನದು ಉಳಿಯಿತು. ಹೆದರಿಕೊಂಡಿದ್ದೆ ಎಂದರೆ ನೆಪವಾಗುತ್ತದೆ. ಮೊದಲ ದಿನದ ಹೆದರಿಕೆ ಹನ್ನೊಂದು ವರ್ಷ ಇರುವುದಿಲ್ಲ. ಆಮೇಲೆ ಉಳಿದದ್ದು ಬರೀ ಅಭ್ಯಾಸ.

ಆಮೇಲಿನ ಭಾವನನ್ನು ನೀವ್ಯಾರೂ ನೋಡಲಿಲ್ಲ, ನಾನು ವಾರವಾರ ನೋಡಿದೆ. ಮನೆಯಲ್ಲಿ ಕುಳಿತು ಪೆನ್ಸಿಲ್, ಬಾಚಣಿಗೆ, ಕಿಟಕಿಯ ಪಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದರು. ಅಕ್ಕನನ್ನು ಕರೆಯುತ್ತಿದ್ದರು: “ಇದು ಎಷ್ಟಿದೆ ನೋಡೇ. ನನಗೆ ತೊಂಬತ್ತು ಕಾಣ್ತಿದೆ.” ಅಕ್ಕ ಬಗ್ಗಿ ನೋಡಿ, “ನನಗೂ ತೊಂಬತ್ತೇ ರೀ,” ಎನ್ನುತ್ತಿದ್ದಳು. “ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ,” ಎಂದು ಸ್ಕೇಲ್ ಆಚೆಗಿಡುತ್ತಿದ್ದರು. ಆ ಕೋಣೆಯಲ್ಲಿ ನಾನೂ ಇರುತ್ತಿದ್ದೆ. ಅಕ್ಕ ಕೊಟ್ಟ ಟೀ ಕುಡಿಯುತ್ತಿದ್ದೆ. ಎರಡು ವರ್ಷದ ಹಿಂದೆ ಭಾವ ತೀರಿಕೊಂಡರು. ಬಡಗಿಯನ್ನು ಹಾಸಿಗೆ ಹಿಡಿಸಿದ್ದು ತಾನೇ ಎಂದುಕೊಂಡು ಹೋದರು.

ಆ ಚಿಕ್ಕ ಹಾಳೆ ಈಗಲೂ ನನ್ನ ಕಪಾಟಿನಲ್ಲಿದೆ, ನಾಳೆ ಕಚೇರಿಗೆ ತಂದುಕೊಡುತ್ತೇನೆ. ನಾಲ್ಕು ಮೀಟರ್ ಎಂದು ಬರೆದ ಕಡೆ ಯಾರಾದರೂ ಸ್ಕೇಲ್ ಇಟ್ಟು ನೋಡಿ. ಎಂಬತ್ತು ಇರಬೇಕಾದಲ್ಲಿ ಐವತ್ತಾರು ಬರುತ್ತದೆ. ಅದರಿಂದ ಈಗ ಯಾರಿಗೆ ಏನು ಪ್ರಯೋಜನ, ನನಗೆ ಗೊತ್ತಿಲ್ಲ. ನನಗೆ ಯಾವ ಸಮಾಧಾನವೂ ಆಗುತ್ತಿಲ್ಲ, ಹೇಳಿದರೆ ಹಗುರಾಗುತ್ತದೆ ಎನ್ನುವುದು ಸುಳ್ಳು.

ಅಕ್ಕಾ, ಭಾವನ ಕಣ್ಣು ಸರಿಯಾಗಿತ್ತು. ನೀನು ತೊಂಬತ್ತು ಎಂದಾಗಲೆಲ್ಲ ಅದು ತೊಂಬತ್ತೇ ಆಗಿತ್ತು.

ಫಲಕವನ್ನು ಈ ಮೇಜಿನ ಮೇಲೆ ಬಿಟ್ಟಿದ್ದೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ಮೂರನೆಯ ಸಾಲಿನವರು ದಯವಿಟ್ಟು ಕಾಲು ಹಿಂದಕ್ಕೆ ತೆಗೆದುಕೊಳ್ಳಿ, ನನ್ನ ಅಕ್ಕ ಹೊರಗೆ ಹೋಗುತ್ತಿದ್ದಾಳೆ. ಯಾರೂ ತಡೆಯಬೇಡಿ. ಬಾಗಿಲ ಬಳಿ ಎರಡು ಮೆಟ್ಟಿಲಿವೆ, ಯಾರಾದರೂ ಅವಳ ಕೈ ಹಿಡಿದುಕೊಳ್ಳಿ. ನಾನು ಹಿಡಿಯುವ ಹಾಗಿಲ್ಲ.

ನಮಸ್ಕಾರ.