ಟಗರಿನ ಹಿಂದೆ ಓಡಿದವನ ಹಾಡು

ಕದ್ದು ಕೇಳಿದ ಮಾತನ್ನು ಬರೆಯುತ್ತಿದ್ದೇನೆ, ತಪ್ಪಾದರೆ ಕ್ಷಮಿಸಬೇಕು. ಫೆರೋ ದ್ವೀಪಗಳ ದೋಣಿಕಟ್ಟೆಯೊಂದರಲ್ಲಿ ಹಾಡು ಕಟ್ಟುವ ಮರ್ಯುನ್ ಮತ್ತು ಅವಳ ಮೈದುನ ಹೈನಿ ನನ್ನ ಮುಂದೆ ನಿಂತಿದ್ದರು.

“ದಮ್ಮಯ್ಯ ಅತ್ತಿಗೆ, ನನ್ನ ಗೇಲಿ ಮಾಡೋ ಆ ಹಾಡು ಬೇಡ. ಅದು ಪಾದ್ರಿಗಳ ಟಗರು ಅಂತ ಮಂಜಲ್ಲಿ ಗೊತ್ತಾಗ್ಲಿಲ್ಲ.”

“ಯಾರ ಟಗರು ಅಂತ ಕಿವಿ ಗುರುತು ನೋಡ್ದೆ ಉಣ್ಣೆ ಕತ್ತರಿಸಿದ್ಯಲ್ಲೋ!”

“ಶನಿವಾರದ ಕುಣಿತದಲ್ಲಿ ನನ್ನ ರಟ್ಟೆ ಹಿಡ್ಕೊಂಡು, ಹಾಡು ಮುಗಿಯೋವರೆಗೂ ಊರೆದುರು ಕುಣಿಸ್ತಾರೆ.”

“ಕುಣಿಸ್ದೆ ಬಿಡ್ತಾರಾ? ನೀನು ಸಿಟ್ಟಾದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹಾಡ್ತಾರೆ.”

“ಧಾಟಿ ಎಲ್ಲಿ ಸಿಕ್ತು?”

“ನಿನ್ನ ಕಾಲಲ್ಲೇ ಮಾರಾಯ! ನೀನು ಟಗರಿನ ಹಿಂದೆ ಧಡಧಡ ಗುಡ್ಡ ಇಳೀತಿದ್ದೆ. ನಾನು ಕಿಟಕೀಲಿ ನೋಡ್ತಿದ್ದಂಗೇ ಆ ಹೆಜ್ಜೆಗೇ ಮೊದಲ ಸಾಲು ಬಂದ್ಬಿಡ್ತು. ಕೇಳು.”

ಅವಳು ಮೆಲ್ಲಗೆ ಹಾಡಿದಳು. ಹೈನಿಯ ಪಾದ ತಾಳ ಹಾಕತೊಡಗಿತು.

“ಅಯ್ಯೋ, ನಾನು ಹಳ್ಳಕ್ಕೆ ಬಿದ್ದಿದ್ದೇ ಬಿಟ್ಟಿದ್ಯಲ್ಲ ಅತ್ತಿಗೆ! ಅದನ್ನೂ ಸೇರಿಸು!”

ಇಬ್ಬರೂ ಹಾಡುತ್ತಲೇ ದೋಣಿ ಹತ್ತಿದರು. ಶನಿವಾರ ಅವನ ರಟ್ಟೆ ಹಿಡಿಯಬೇಕಾಯಿತೋ ಇಲ್ಲವೋ, ನನಗೆ ತಿಳಿಯದು.