ಇಪ್ಪತ್ತಕ್ಕೆ ಮದುವೆ, ಇಪ್ಪತ್ತಕ್ಕೇ ಪಂದ್ಯ

ಹಲೋ... ಯಾರು? ಜೋರಾಗಿ ಹೇಳಿ, ಇಡೀ ಬೀದಿ ಹಾರ್ನ್ ಹೊಡೀತಿದೆ... ಪಾದ್ರಿಗಳಾ? ನೀವು ಹೀಗೆ ಕಿರುಚಿದ್ರೆ ಗುರುತು ಹೇಗೆ ಸಿಗುತ್ತೆ! ನಾನೇ, ಹೋಯ್ಟ್...

ಹಾಂ, ಟಿವೀಲಿ ನೋಡ್ದೆ! ದೇಶದ ಕಾಲೇಜು ಫುಟ್‌ಬಾಲ್ ಪಟ್ಟಕ್ಕೆ ಆಡೋ ಹನ್ನೆರಡು ತಂಡದಲ್ಲಿ ನಮ್ಮ ಟಾಲಿವರ್ ಕಾಲೇಜೂ ಒಂದು! ಮೊದಲ ಸುತ್ತು ನಮ್ಮೂರ ಮೈದಾನದಲ್ಲೇ! ಮುಂಚೆ ನಾಲ್ಕೇ ತಂಡ ಆರಿಸ್ತಿದ್ದಾಗ, ಒಂದೂ ಸೋಲದೆ ಬಂದ್ರೂ ಆ ಸಮಿತಿಯವರು ಕಣ್ಣೆತ್ತಿ ನೋಡಿದ್ರಾ? ಹನ್ನೊಂದು ಕಾಗದ ಬರೆದೆ ಅವರಿಗೆ. ತಂಡ ಹೆಚ್ಚಿಸಿ, ಸಣ್ಣ ಕಾಲೇಜಿಗೂ ಜಾಗ ಕೊಡಿ, ಊರ ಮೈದಾನದಲ್ಲೇ ಆಡಿಸಿ ಅಂತ...

ತಾರೀಖಾ? ಡಿಸೆಂಬರ್ ಇಪ್ಪತ್ತು, ಶನಿವಾರ... ಹಾಂ... ಅಯ್ಯೋ ದೇವರೇ! ಕೆಂಡ್ರಾ ಮದುವೆ!

ನಾನೇ ಇಟ್ಟ ದಿನ, ಪಾದ್ರಿಗಳೇ! ಫುಟ್‌ಬಾಲ್ ಕಾಲದ ಶನಿವಾರ ನಮ್ಮೂರಲ್ಲಿ ಯಾರಾದ್ರೂ ಮಗಳ ಮದುವೆ ಮಾಡ್ತಾರಾ? ಅದಕ್ಕೇ, ಇಪ್ಪತ್ತಕ್ಕೆ ನಮ್ಮೂರಲ್ಲಿ ಯಾವ ಪಂದ್ಯವೂ ಇರಲ್ಲ ಅಂತ ನಾಲ್ಕು ತಂಡದ ಹಳೇ ಪದ್ಧತಿ ಲೆಕ್ಕದಲ್ಲಿ ಇಟ್ಟೆ. ನಾನೇ ಬೇಡಿದ ಹೊಸ ಪದ್ಧತಿ ನನಗೇ ನೆನಪಾಗಲಿಲ್ಲ... ಹೂಂ, ನಗಿ, ನಗಿ. ಮಾಡಿದ್ದುಣ್ಣೋ ಮಹಾರಾಯ.

ಇಲ್ಲ, ಮಗಳ ಹತ್ರ ಇನ್ನೂ ಮಾತೆತ್ತಿಲ್ಲ. ಕೊಂದೇ ಹಾಕ್ತಾಳೆ... ಎದುರಾಳಿನಾ? ನಮ್ಮ ಹೆಸರು ಬಂದದ್ದೇ ಕುಣಿಯೋಕೆ ಹೋದೆ, ಮುಂದೆ ಕೇಳಲೇ ಇಲ್ಲ... ಯಾರು? ಇನ್ನೊಂದ್ಸಲ ಹೇಳಿ... ಬೀಗರ ವಿಶ್ವವಿದ್ಯಾಲಯವಾ! ಅಳಿಯ ಆಗೋ ಗ್ರೇಡಿ ಮನೆಯವರೆಲ್ಲ ಅಲ್ಲೇ ಓದಿದ್ದು, ಅಲ್ವಾ? ಹಾಗಾದ್ರೆ ಗಂಡಿನ ಕಡೆಯವರು ಹೇಗೂ ಬಂದೇ ಬರ್ತಾರೆ!

ಬೆಳಿಗ್ಗೆ ಒಂಬತ್ತಕ್ಕೆ ಮದುವೆ, ಮಧ್ಯಾಹ್ನ ಪಂದ್ಯ? ಪ್ರವಚನ ಎಷ್ಟು ಹೊತ್ತು?... ನಾಲ್ಕು ನಿಮಿಷ! ನೀವು, ನಾಲ್ಕು ನಿಮಿಷ! ಸರಿ, ಊಟ ಮೈದಾನದ ಹೊರಗೆ, ಕಾರು ನಿಲ್ಲಿಸೋ ಬಯಲಲ್ಲೇ. ಹಂದಿ ಮಾಂಸ ಹೊಗೇಲಿ ಬೇಯಿಸೋ ಕೆಲಸ ನನಗೆ ಬಿಡಿ...

ತಡೀರಿ, ಅವಳೇ ಬಂದ್ಲು... ಪುಟ್ಟಾ, ಸ್ವಲ್ಪ ಕೂತ್ಕೋ. ಇಪ್ಪತ್ತನೇ ತಾರೀಖು... ನಿನಗೂ ಗೊತ್ತಾ?... ಪಂದ್ಯದ ಟಿಕೆಟ್ ಆಗಲೇ ತಗೊಂಡ್ಯಾ? ಆಮೇಲೆ ಮದುವೆ ನೆನಪಾಯ್ತಾ! ಕೇಳಿದ್ರಾ, ಪಾದ್ರಿಗಳೇ?... ಎಷ್ಟು ಟಿಕೆಟ್, ಎರಡೇನಾ? ನಿನಗೆ, ಗ್ರೇಡಿಗೆ. ಬೀಗರ ತಂಡದ ಕಡೆ ಸೀಟು. ಆಗಲಿ ಬಿಡು, ಇನ್ಮೇಲೆ ನೀನು ಆ ಬಣ್ಣದವಳೇ... ಬೇಜಾರಾ? ಇಲ್ಲಪ್ಪ... ಇದೆ, ಸ್ವಲ್ಪ ಇದೆ... ಏನಂದೆ?...

ಹಲೋ, ಪಾದ್ರಿಗಳೇ... ಇಲ್ಲ ಇಲ್ಲ, ನಗ್ತಿದ್ದೀನಿ. ಎರಡೂ ನಮ್ಮ ಕಡೆ ಟಿಕೆಟ್ಟಂತೆ. ಒಂದು ಅವಳಿಗೆ, ಇನ್ನೊಂದು ನನಗೆ! ಗಂಡನ ಪಕ್ಕ ಕೂರೋಕೆ ಜೀವಮಾನವೆಲ್ಲ ಇದೆ, ಇದೊಂದು ಶನಿವಾರ ನಿನ್ನ ಪಕ್ಕ ಅಂತಾಳೆ... ಹಲೋ? ಕೇಳಿಸ್ತಾ? ನನ್ನ ಪಕ್ಕ ಅಂದೆ... ಹಲೋ?...