ಅಣು ಔಷಧಿಯ ಹತ್ತು ದಿನ

ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ರೊದ್ದಂ ಬಸ್ಸಿಗೆ ಕಾಯುತ್ತಿದ್ದ ಆದಿಲಕ್ಷ್ಮಮ್ಮನಿಗೆ ಎದುರು ಬೆಂಚಿನ ನೇಕಾರ ದಂಪತಿ ವಿಚಿತ್ರವಾಗಿ ಕಂಡರು. ಗಂಡ ಒಂದು ತುದಿಯಲ್ಲಿ, ಹೆಂಡತಿ ಇನ್ನೊಂದು ತುದಿಯಲ್ಲಿ. ಜಗಳವೇ ಇರಬೇಕೆಂದು ಆಕೆ ಆಸೆಯಿಂದ ಕಿವಿಗೊಟ್ಟಳು.

“ಇನ್ನೂ ಅತ್ತ ಸರೀರಿ. ಬೆಂಗ್ಳೂರು ಡಾಕ್ಟ್ರು ನಂಗೇನಂದ್ರು? ಗಂಟ್ಲು ಗಡ್ಡೆಗೆ ಅಣು ಔಷ್ದಿ ಕುಡ್ಸಿದೀವಿ, ಹತ್ತು ದಿನ ಯಾರ ಪಕ್ಕಾನೂ ಕೂರ್ಬೇಡ, ಯಾರಿಗೂ ಅಡ್ಗೆ ಮಾಡ್ಬೇಡ ಅಂತ,” ಎಂದಳು ಹೆಂಡತಿ.

“ಮುಂದೆ ಊರೂರಿಗೂ ಅಣೂನಿಂದ್ಲೇ ಕರೆಂಟು ಬತ್ತದೆ ಅಂತಾನೂ ಅಂದ್ರು ಕಣೆ. ನಮ್ಮ ಮಗ್ಗ ದಿನಕ್ಕೆ ಮೂರು ಸಲ ನಿಂತೋಯ್ತದೆ. ವೈರು ನಿಂಗೇ ಕಟ್ಬುಡ್ಲಾ?”

“ಕಟ್ಟಿ. ಅದಕ್ಕೂ ಮುಂಚೆ ಸಾರಿಗೆ ಉಪ್ಪು ಹಾಕೋದು ಕಲೀರಿ.”

“ನೂಲು ಸುತ್ತೋನೂ ನಾನೇ, ನೇಯೋನೂ ನಾನೇ, ಮುದ್ದೆ ತಿರುವೋನೂ ನಾನೇ. ಉಪ್ಪು ಮರ್ತೋಯ್ತದೆ.”

“ಮುದ್ದೆ ಪರವಾಲೇದು. ಈಗೀಗ ಗಂಟು ಕಮ್ಮಿ ಆಗ್ಯದೆ.”

“ಆಗ್ದೆ ಏನು? ಹತ್ತು ದಿನ ಸೋಮವಾರಕ್ಕೇ ಮುಗ್ದೋಯ್ತು. ಇವತ್ತು ಶುಕ್ರವಾರ.”

ಸಿಕ್ಕಿಬಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಗೊತ್ತಿದ್ದೂ ಯಾಕೆ ಮಾಡಿ ಹಾಕಿದ್ರಿ?”

“ಮದ್ವೆಯಾಗಿ ಇಪ್ಪತ್ತೆರಡು ವರ್ಸ. ನೀನು ಕೂತ್ಕೊಂಡು ಬಿಸಿ ಮುದ್ದೆ ಉಣ್ಣೋದ್ನ ನಾನು ನೋಡೇ ಇರ್ಲಿಲ್ಲ.”

ಆಕೆ ಬೆಂಚಿನುದ್ದಕ್ಕೂ ಸರಿದು ಬಂದು ಅವನಿಗೆ ಒತ್ತಿಕೊಂಡು ಕೂತಳು.

“ಡಾಕ್ಟ್ರು ಹೇಳಿದ್ದು ಹದಿನೈದು ದಿನ ಅಂತ ಕಾಣ್ತದೆ, ಸರ್ಯಾಗಿ ನೆಪ್ಪು ಮಾಡ್ಕೊಳ್ಳಿ.”

“ಸರಿ ಬುಡು, ಹದಿನೈದೇ ಇರ್ಬೇಕು.”

ಲೇಪಾಕ್ಷಿ ಬಸ್ಸು ಬಂತು. ಒಳಗೆ ಸೀಟುಗಳು ಬೇಕಾದಷ್ಟು ಖಾಲಿ ಇದ್ದರೂ, ಅವರಿಬ್ಬರೂ ಒಂದರಲ್ಲೇ ಕೂತು ಹೋದದ್ದನ್ನು ಆದಿಲಕ್ಷ್ಮಮ್ಮ ಕಿಟಕಿಯಲ್ಲಿ ಕಂಡಳು.